ಓದು ಬಾರದ ಕೈ ಕೆತ್ತಿದ ಬೆಳ್ಳಿ

ನನ್ನ ಗಂಡ ಹೆಸರು ಕೆತ್ತುತ್ತಿದ್ದರು. ಓಟದಲ್ಲಿ ಗೆದ್ದವರ ಕಪ್ಪಿನ ಮೇಲೆ, ಕೈಗಡಿಯಾರದ ಬೆನ್ನಿನ ಮೇಲೆ, ಉಂಗುರದ ಒಳಗೆ, ಬಾಗಿಲಿಗೆ ಹೊಡೆಯುವ ಹಿತ್ತಾಳೆ ಹಲಗೆಯ ಮೇಲೆ. ನಲವತ್ತೊಂದು ವರ್ಷ ಅದೇ ಕೆಲಸ, ಅದೇ ಮೇಜು. ಅಂಗಡಿ ಅನ್ನುವಷ್ಟು ಇರಲಿಲ್ಲ. ಎರಡು ಕಟ್ಟಡಗಳ ನಡುವೆ, ಮೆಟ್ಟಿಲ ಕೆಳಗಿನ ಜಾಗ. ನಿಂತರೆ ತಲೆ ತಾಗುತ್ತಿತ್ತು. ಅವರು ನಿಲ್ಲುತ್ತಲೇ ಇರಲಿಲ್ಲ. ಬೀದಿಯವರು ಅವರನ್ನು ಇರುವೆ ಎಂದು ಕರೆಯುತ್ತಿದ್ದರು. ಅಕ್ಷರ ಅಷ್ಟು ಸಣ್ಣ. ಮನುಷ್ಯ ಮಾತ್ರ ದಪ್ಪ.

ಅವರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಅವರ ಬೆಳ್ಳಿ ನಾಣ್ಯಗಳು ಈಗ ಇರುವ ಜಾಗಕ್ಕೆ ಹೇಗೆ ಹೋದವು ಎಂಬುದನ್ನು ಬರೆದಿಡುತ್ತೇನೆ. ಕೇಳಿದವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ನಮ್ಮದು ಮೂರು ಕಡೆಯಿಂದ ರೈಲು ಬಂದು ಸೇರುವ ಊರು. ಬೇರೆ ಬೇರೆ ಮಾತಿನ ಜನ ಇದ್ದಾರೆ. ಅವರ ಅಕ್ಷರಗಳೂ ಬೇರೆ. ಚೀಟಿಯಲ್ಲಿ ಹೆಸರು ಬರೆದುಕೊಟ್ಟು ಹೋಗುತ್ತಿದ್ದರು. ಇವರು ಆ ಚೀಟಿ ನೋಡಿಕೊಂಡು ಗೆರೆಗೆ ಗೆರೆ, ಚುಕ್ಕಿಗೆ ಚುಕ್ಕಿ ಕೆತ್ತುತ್ತಿದ್ದರು. ನಮ್ಮ ಅಕ್ಷರ ಬಿಟ್ಟು ಬೇರೆ ಯಾವುದೂ ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ತಪ್ಪುತ್ತಿರಲಿಲ್ಲ.

ಒಂದು ಸಲ ಮಾತ್ರ ತಪ್ಪಾಯಿತು. ಒಬ್ಬ ಬಟ್ಟೆ ವ್ಯಾಪಾರಿ ತನ್ನ ಮಾವನ ಗಡಿಯಾರ ಕೊಟ್ಟು ಹೋದ. ವಾರ ಬಿಟ್ಟು ಬಂದವನು ಗಡಿಯಾರ ತಿರುಗಿಸಿ ನೋಡಿ ಕೂತೇ ಬಿಟ್ಟ.

"ಏನಾಯ್ತು? ಅಕ್ಷರ ಸರಿ ಇಲ್ವಾ?" ಎಂದು ಇವರು ಕೇಳಿದರು.

"ಅಕ್ಷರ ಮುತ್ತಿನ ಹಾಗಿದೆ. ಆದರೆ ನಮ್ಮ ಮಾವನ ಹೆಸರಿನ ಕೆಳಗೆ ‘ಗುರುವಾರದ ಒಳಗೆ ಬೇಕು’ ಅಂತಾನೂ ಕೆತ್ತಿದ್ದೀರಲ್ಲ."

ಚೀಟಿಯಲ್ಲಿ ಇದ್ದದ್ದನ್ನೆಲ್ಲ ಕೆತ್ತಿದ್ದರು. ಆ ಮಾವ ಒಳ್ಳೆಯವನು. ಅಳಿಸುವುದು ಬೇಡ ಎಂದನಂತೆ. ಇವರು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ನೆನೆಸಿಕೊಂಡು ನಗುವುದು, ಇವರು ತಟ್ಟೆ ತಳ್ಳುವುದು.

ನಾಣ್ಯದ ಹುಚ್ಚು ಹತ್ತಿದ್ದು ಎದುರು ಓಣಿಯ ಹಳೇ ಬೆಳ್ಳಿ ವ್ಯಾಪಾರಿಯಿಂದ. ಅವನು ಮುರಿದ ಚಮಚ, ಸರದ ತುಂಡು ಎಲ್ಲ ಕೊಂಡು ಕರಗಿಸುವವನು. ಒಂದು ದಿನ ಅವನ ತಟ್ಟೆಯಲ್ಲಿ ಒಂದು ಕಪ್ಪು ಬಿಲ್ಲೆ ಇತ್ತು. ಇವರು ಅದನ್ನು ಭೂತಗನ್ನಡಿಯಲ್ಲಿ ನೋಡಿದರು. ನಡುವೆ ಒಬ್ಬ ರಾಜನ ಮುಖ. ಸುತ್ತ ಅಕ್ಷರದ ಸಾಲು. ಆ ದಿನ ಮನೆಗೆ ಬಂದವರು ಕೈಕಾಲು ಕೂಡ ತೊಳೆಯಲಿಲ್ಲ.

"ಇದನ್ನ ಕೆತ್ತಿದವನಿಗೆ ಓದೋಕೆ ಬರ್ತಿರಲಿಲ್ಲ ಕಣೇ" ಎಂದರು. "ನನ್ನ ಹಾಗೆ."

"ಅದು ನಿಮಗೆ ಹೇಗೆ ಗೊತ್ತು? ನಿಮಗೂ ಓದೋಕೆ ಬರಲ್ವಲ್ಲ."

"ಅದಕ್ಕೇ ಗೊತ್ತು."

ಆಮೇಲೆ ವ್ಯಾಪಾರಿಯ ಅಂಗಡಿಯ ಕೆತ್ತನೆ ಕೆಲಸವೆಲ್ಲ ಇವರೇ ಮಾಡಿಕೊಟ್ಟರು. ಕೂಲಿ ಕೇಳಲಿಲ್ಲ. ಬದಲಿಗೆ ಇಂಥ ಬಿಲ್ಲೆ ಬಂದರೆ ಕರಗಿಸದೆ ಇವರಿಗೆ ಕೊಡಬೇಕು. ಹಾಗೆ ಇಪ್ಪತ್ತಾರು ವರ್ಷದಲ್ಲಿ ಐವತ್ತಮೂರು ನಾಣ್ಯ ಸೇರಿದವು. ಬಿಸ್ಕತ್ತಿನ ಡಬ್ಬಿಯೊಂದು ತುಂಬಲಿಲ್ಲ. ನನ್ನ ನಾದಿನಿ, ಅಂದರೆ ಇವರ ತಂಗಿ, ಪಕ್ಕದ ಬೀದಿಯಲ್ಲೇ ಇರುವವಳು, ಬಂದಾಗೆಲ್ಲ ಕೇಳುತ್ತಿದ್ದಳು. "ಅಣ್ಣಾ, ಡಬ್ಬಿ ಮರಿ ಹಾಕ್ತಾ?"

ರಜೆಯ ದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಟವೆಲು ಹಾಸಿ ನಾಣ್ಯ ಹರಡುತ್ತಿದ್ದರು. ನಾನು ಎದುರಿಗೆ ಬೀನ್ಸಿನ ನಾರು ತೆಗೆಯುತ್ತ ಕೂರುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಾಣ್ಯದ ವಿಷಯ ನನಗೆ ಏನೆಲ್ಲ ಗೊತ್ತೋ ಅದೆಲ್ಲ ಆ ಟವೆಲಿನ ಮುಂದೆ ಕೇಳಿದ್ದು.

ಅವರು ಹೇಳಿದ್ದು ಹೀಗೆ. ಸಮುದ್ರದ ಆಚೆ ಒಬ್ಬ ರಾಜನಿದ್ದ. ಅವನ ಬೆಳ್ಳಿ ಶುದ್ಧ, ತೂಕ ಸರಿ. ಅವನ ನಾಣ್ಯವನ್ನು ಎಲ್ಲ ಕಡೆಯೂ ತೆಗೆದುಕೊಳ್ಳುತ್ತಿದ್ದರು. ಅವನು ಸತ್ತ. ಅವನ ರಾಜ್ಯವೂ ಹೋಯಿತು. ಆದರೆ ದೂರದ ಊರಿನ ಸಂತೆಯವರು ಆ ಮುಖವೇ ಬೇಕು ಎಂದರು. ಅಲ್ಲಿನ ರಾಜ ತನ್ನ ಮುಖ ಹಾಕಿಸಿದರೆ ಜನ ಮುಟ್ಟಲಿಲ್ಲ. ಬೇರೆ ದಾರಿ ಇಲ್ಲದೆ ಅವನೂ ಆ ಸತ್ತವನ ಮುಖವನ್ನೇ ಒತ್ತಿಸಿದ.

"ಮೋಸ ಅಲ್ವಾ ಅದು?" ಎಂದು ಕೇಳಿದೆ.

"ಬೆಳ್ಳಿ ಸರಿಯಾಗಿ ಹಾಕಿದಾನಲ್ಲ, ಏನು ಮೋಸ? ಜನಕ್ಕೆ ಗುರುತು ಬೇಕು. ನೀನು ಸೋಪು ಕೊಳ್ಳುವಾಗ ಹೊದಿಕೆ ಮೇಲಿನ ಹೆಂಗಸಿನ ಮುಖ ನೋಡಿ ತರ್ತೀಯಲ್ಲ, ಅವಳು ಯಾರು ಅಂತ ಕೇಳಿದೀಯಾ?"

ಕೇಳಿರಲಿಲ್ಲ.

ದೂರದ ಊರಿನ ಕೆತ್ತನೆಯವನು ಆ ರಾಜನನ್ನು ನೋಡಿದವನಲ್ಲ. ಕೈಯಲ್ಲಿದ್ದ ನಾಣ್ಯ ನೋಡಿ ಅಚ್ಚು ಕೆತ್ತಿದ. ಅವನ ನಾಣ್ಯ ನೋಡಿ ಇನ್ನೂ ದೂರದವನು ಕೆತ್ತಿದ. ಹೀಗೆ ಹೋಗುತ್ತ ಹೋಗುತ್ತ ರಾಜನ ಗುಂಗುರು ಕೂದಲು ತೆನೆಯಾಯಿತು, ಏಕೆಂದರೆ ಅವರಿಗೆ ಗೊತ್ತಿದ್ದದ್ದು ತೆನೆ. ಹಿಂದಿನ ಮಗ್ಗುಲಿನ ಸಿಂಹ ನಾಯಿಯಾಯಿತು. ಸಿಂಹ ಇಲ್ಲದ ಊರು. ಬಾಲ ಮಾತ್ರ ಸಿಂಹದ್ದೇ, ತುದಿಯಲ್ಲಿ ಕುಚ್ಚು. ನಾಯಿಗೆ ಕುಚ್ಚಿನ ಬಾಲ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಇವರೂ ನಕ್ಕರು. "ನಗಬೇಡ. ಅವನ ಊರಿನವರೆಲ್ಲ ಅದೇ ಸಿಂಹ ಅಂದ್ಕೊಂಡು ಬದುಕಿದ್ರು" ಎಂದರು.

ಐವತ್ತಮೂರರಲ್ಲಿ ನಲವತ್ತೆರಡು ಆ ರಾಜನ ಕಾಲದ ಅಸಲು. ಇವರಿಗೆ ಪ್ರಾಣ ಇದ್ದದ್ದು ಉಳಿದ ಹನ್ನೊಂದರ ಮೇಲೆ. ಅವುಗಳಲ್ಲಿ ಸುತ್ತಲಿನ ಅಕ್ಷರ ಅಕ್ಷರವಲ್ಲ. ಕಡ್ಡಿ, ಬಳೆ, ಚುಕ್ಕಿ, ಕೆಲವು ತಲೆಕೆಳಗು. ಅವು ಓದು ಬಾರದವರ ಕೆಲಸ. ಹಾಗೆಂದು ಎಲ್ಲರಿಗೂ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಆ ಹನ್ನೊಂದರಲ್ಲಿ ಹಳೆಯವು ಹತ್ತು. ಒಂದು ಇವರೇ ಮಾಡಿದ್ದು.

ಅದು ಆದದ್ದು ಹೀಗೆ. ಐವತ್ತು ದಾಟಿದ ಮೇಲೆ ಇವರಿಗೆ ಆ ರಾಜನ ಅಕ್ಷರ ಕಲಿಯುವ ಆಸೆ ಹುಟ್ಟಿತು. ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದರು. ಎರಡು ವರ್ಷ ಹಿಡಿಯಿತು. ಕಲಿತರು. ಕಲಿತ ದಿನ ಖುಷಿಯಾಗಿರುತ್ತಾರೆ ಎಂದುಕೊಂಡೆ. ಮುಖ ಸಪ್ಪಗಿತ್ತು.

"ಈಗ ಹೆಸರು ಕಾಣುತ್ತೆ" ಎಂದರು. "ಮೊದಲು ಗೆರೆ ಕಾಣ್ತಿತ್ತು. ಗೆರೆ ಕಾಣ್ತಾನೇ ಇಲ್ಲ."

ಓದು ಬಾರದವನ ಹಾಗೆ ಇನ್ನೊಂದು ಸಲ ಕೆತ್ತಲು ಆಗುತ್ತದೆಯೇ ಎಂದು ನೋಡಬೇಕಿತ್ತು ಅವರಿಗೆ. ಕಬ್ಬಿಣದ ತುಂಡಿನಲ್ಲಿ ಅಚ್ಚು ಕೆತ್ತಿದರು. ಬೇಕೆಂದೇ ಎರಡು ಅಕ್ಷರ ತಲೆಕೆಳಗು ಮಾಡಿದರು. ಮುರಿದ ಕಪ್ಪಿನ ಹಿಡಿಯ ಬೆಳ್ಳಿ ಕರಗಿಸಿ ಬಿಲ್ಲೆ ಮಾಡಿ, ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದರು. ನಾನು ಇಕ್ಕಳ ಹಿಡಿದಿದ್ದೆ. ನಾಣ್ಯ ತಣ್ಣಗಾದ ಮೇಲೆ ಭೂತಗನ್ನಡಿ ಇಟ್ಟು ನೋಡಿ, ಜೋರಾಗಿ ನಕ್ಕರು.

"ಸೋತೆ ನೋಡು. ಗಲ್ಲದ ಕೆಳಗೆ ನೋಡು."

ನೋಡಿದೆ. ಕೊನೆಯ ಮೂರು ಅಕ್ಷರ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು ಒತ್ತಿಕೊಂಡಿದ್ದವು.

ಆ ನಾಣ್ಯವನ್ನೂ ಹತ್ತರ ಜೊತೆ ಡಬ್ಬಿಗೆ ಹಾಕಿದರು. "ಇವರ ಜೊತೇಲೇ ಇರಲಿ. ದೂರದ ನೆಂಟ" ಎಂದರು. ಹನ್ನೊಂದನ್ನೂ ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟವಳು ನಾನು. ರಬ್ಬರು ಬೆಳ್ಳಿಯನ್ನು ಕಪ್ಪು ಮಾಡುತ್ತದೆ ಎಂದು ನನಗೇನು ಗೊತ್ತು? ಎರಡು ವರ್ಷ ಬಿಟ್ಟು ಬಿಚ್ಚಿದಾಗ ಹೊಸದು ಹಳತಕ್ಕಿಂತ ಹಳೆಯದಾಗಿತ್ತು. ಅವತ್ತು ಬೈದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ದನಿ ಎತ್ತಿ ಬೈದದ್ದು ಮೂರೋ ನಾಲ್ಕೋ ಸಲ. ಅದರಲ್ಲಿ ಅದೊಂದು.

ಅವರು ಹೋದದ್ದು ಮಧ್ಯಾಹ್ನ. ಊಟದ ಡಬ್ಬಿ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ತಲೆ ಇಟ್ಟಿದ್ದರು. ನಿದ್ದೆ ಎಂದುಕೊಂಡು ಡಬ್ಬಿ ಬಿಚ್ಚಿ ಅನ್ನ ಕಲಸಿಟ್ಟೆ. ಆಮೇಲೆ ಕರೆದೆ.

ಅದರ ಬಗ್ಗೆ ಇಷ್ಟೇ.

ಅವರು ಆಗಾಗ ಒಂದು ಮಾತು ಹೇಳುತ್ತಿದ್ದರು. "ನಾನು ಹೋದ್ಮೇಲೆ ಡಬ್ಬಿ ಒಡೀಬೇಡ. ಎಲ್ಲ ಒಟ್ಟಿಗೆ ಇರಲಿ. ನಾಲ್ಕು ಜನ ನೋಡೋ ಕಡೆ ಇರಲಿ." ಬೆಳ್ಳಿ ವ್ಯಾಪಾರಿ ಎರಡು ಸಲ ಬಂದು ಕೇಳಿದ. ಕೊಡಲಿಲ್ಲ. ಐದನೇ ತಿಂಗಳಲ್ಲಿ ನಾದಿನಿಯನ್ನು ಕರೆದುಕೊಂಡು ದೊಡ್ಡ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಹೋದೆ.

ಅಲ್ಲಿ ನಾಣ್ಯ ನೋಡಿಕೊಳ್ಳುವ ಅಧಿಕಾರಿ ಒಬ್ಬ ಹೆಂಗಸು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಕೈಗೆ ಬಿಳಿ ಗವಸು. ನಮ್ಮ ಬಿಸ್ಕತ್ತಿನ ಡಬ್ಬಿ ನೋಡಿ ಮೊದಲು ಮೂಗು ಮುರಿದಳು. ಮುಚ್ಚಳ ತೆಗೆದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡಳು. ಒಂದೊಂದನ್ನೇ ಎತ್ತಿ ನೀಲಿ ಬಟ್ಟೆಯ ತಟ್ಟೆಯಲ್ಲಿ ಇಟ್ಟಳು. ಎರಡು ಗಂಟೆ ಹಿಡಿಯಿತು. ನಾದಿನಿ ಕುರ್ಚಿಯಲ್ಲೇ ತೂಕಡಿಸಿದಳು.

"ಅಮ್ಮ, ಇವೆಲ್ಲ ನಾವು ತಗೋತೀವಿ" ಎಂದಳು ಆ ಮೇಡಂ. "ಪ್ರದರ್ಶನಕ್ಕೆ ಒಂದು ಪೆಟ್ಟಿಗೇನೇ ಇಡಬಹುದು. ಅದರಲ್ಲೂ ಇದು ಒಂದು ಇದೆಯಲ್ಲ..."

ಎತ್ತಿ ಹಿಡಿದದ್ದು ನನ್ನ ಗಂಡನ ನಾಣ್ಯವನ್ನು.

"ಇದರಲ್ಲಿ ಅಕ್ಷರ ಅರ್ಧ ಓದೋಕೆ ಬರುತ್ತೆ. ಅಸಲಿಗೂ ಆ ಓದಲಾಗದ ನಕಲಿಗೂ ನಡುವಿನ ಮೆಟ್ಟಿಲು ಇದು. ಇಂಥದ್ದು ಇದುವರೆಗೆ ನಾನು ನೋಡಿಲ್ಲ. ಇದರ ಮೇಲೆ ನಾನೇ ಬರೀತೀನಿ. ಫೋಟೋ ಹಾಕಿಸ್ತೀನಿ."

ಅದು ಇವರದ್ದು ಎಂದು ನಾನು ಆಗಲೇ ಹೇಳಬೇಕಿತ್ತು. ಬಾಯಿ ತೆರೆಯಲಿಲ್ಲ. ಅಷ್ಟು ಹೊತ್ತು ಅವಳು ಇವರನ್ನು ಹೊಗಳಿದ್ದಳು. ಐದು ತಿಂಗಳಿಂದ ಎಲ್ಲರೂ ನನ್ನ ಮುಂದೆ ಅಯ್ಯೋ ಪಾಪ ಎನ್ನುತ್ತಿದ್ದರೇ ಹೊರತು, ಹೊಗಳಿದವರು ಇವಳೊಬ್ಬಳು. ಡಬ್ಬಿ ಬಿಟ್ಟು, ರಸೀದಿ ತೆಗೆದುಕೊಂಡು ಬಂದೆ. ಹತ್ತು ದಿನ ಬಿಟ್ಟು ಸಹಿ ಹಾಕಲು ಬರಬೇಕು ಎಂದಿದ್ದಳು.

ದಾರಿಯಲ್ಲಿ ನಾದಿನಿಗೆ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ನಡುರಸ್ತೆಯಲ್ಲಿ ನಿಂತುಬಿಟ್ಟಳು.

"ಅಣ್ಣ ಮಾಡಿದ್ದಾ? ಅದನ್ನಾ ಅವಳು ಅಷ್ಟು ಹೊಗಳಿದ್ದು?"

"ಹೂಂ."

"ಹಾಗಾದ್ರೆ ಬಾಯಿಗೆ ಬೀಗ ಹಾಕ್ಕೊಂಡಿರು ಅತ್ತಿಗೆ. ಅವಳೇನು ಚಿಕ್ಕ ಮಗುವಾ? ಅಷ್ಟು ಓದಿದಾಳೆ. ಅವಳ ಕಣ್ಣಿಗೆ ಹಳೇದು ಅಂತ ಕಂಡ್ರೆ ಅದು ಹಳೇದೇ."

"ಆಮೇಲೆ ಗೊತ್ತಾದ್ರೆ?"

"ಗೊತ್ತಾಗೋ ಹೊತ್ತಿಗೆ ನಾವಿಬ್ರೂ ಇರ್ತೀವಾ? ಈಗ ನೀನು ಹೇಳಿದ್ರೆ ಒಂದನ್ನ ಮಾಡಿದವನು ಎಲ್ಲಾನೂ ಮಾಡಿರ್ತಾನೆ ಅಂತಾಳೆ. ಡಬ್ಬಿ ವಾಪಸ್ ಕೊಡ್ತಾಳೆ. ಅಣ್ಣನ್ನ ಕಳ್ಳ ಅಂತಾಳೆ."

ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಎಂಟು ದಿನ ಅದನ್ನೇ ತಲೆಯಲ್ಲಿ ಇಟ್ಟುಕೊಂಡು ತಿರುಗಿದೆ. ನಾಣ್ಯ ಒಟ್ಟಿಗೆ ಇರಬೇಕು ಎಂದಿದ್ದರು. ಹೇಳಿದರೆ ಒಂದೂ ಒಳಗೆ ಹೋಗುವುದಿಲ್ಲವೇನೋ. ಹೇಳದಿದ್ದರೆ ಎಲ್ಲವೂ ಹೋಗುತ್ತವೆ, ಆದರೆ ಇವರು ಸೋತ ಕೆಲಸವನ್ನು ಜನ ಬೇರೆ ಯಾರದೋ ಗೆಲುವು ಎಂದು ನೋಡುತ್ತಾರೆ. ಗುರುವಾರದ ಮಾತು ಕೆತ್ತಿದ್ದಕ್ಕೆ ನಾಲ್ಕು ದಿನ ಊಟ ಬಿಟ್ಟ ಮನುಷ್ಯ. ಇದನ್ನು ಒಪ್ಪುತ್ತಿದ್ದರೇ? ಒಂಬತ್ತನೇ ದಿನ ಅಂಗಡಿಯ ಬೀಗ ತೆಗೆದೆ. ಮೇಜಿನ ಕೆಳಗಿನ ಡ್ರಾಯರಿನಲ್ಲಿ ಆ ಕಬ್ಬಿಣದ ಅಚ್ಚು ಇತ್ತು. ಕೈಚೀಲಕ್ಕೆ ಹಾಕಿಕೊಂಡು ಒಬ್ಬಳೇ ಹೋದೆ.

ಮೇಡಂ ಮೇಜಿನ ಮೇಲೆ ಅಚ್ಚು ಇಟ್ಟೆ. "ನೀವು ಹೊಗಳಿದ್ದು ನನ್ನ ಗಂಡ ಮಾಡಿದ್ದು. ಇಕ್ಕಳ ಹಿಡಿದವಳು ನಾನು" ಎಂದೆ.

ಅವಳು ಅಚ್ಚನ್ನು ನೋಡಿದಳು. ನಾಣ್ಯ ತರಿಸಿ ಜೋಡಿಸಿ ನೋಡಿದಳು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು.

"ಮೊದಲೇ ಯಾಕೆ ಹೇಳಲಿಲ್ಲ ಅಮ್ಮ?"

"ಹೊಗಳ್ತಾ ಇದ್ರಿ. ಕೇಳೋಕೆ ಚೆನ್ನಾಗಿತ್ತು."

"ನಾನು ಅರ್ಧ ಲೇಖನ ಬರೆದಿದ್ದೆ."

"ಬಾಕಿ ಅರ್ಧ ಉಳೀತಲ್ಲ."

ನಗಲಿಲ್ಲ. ತಟ್ಟೆಯನ್ನು ಮೇಜಿನ ಆ ತುದಿಗೆ ಸರಿಸಿದಳು. "ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಒಂದು ಅವರೇ ಮಾಡಿದ್ದು ಅಂದ್ಮೇಲೆ ಉಳಿದ ಹತ್ತು ಯಾಕೆ ಅವರದಲ್ಲ? ನಲವತ್ತೆರಡು ಯಾಕಲ್ಲ? ಅನುಮಾನ ಬಂದ ಸಂಗ್ರಹ ನಾವು ಒಳಗೆ ಬಿಟ್ಕೊಳ್ಳಲ್ಲ. ವಾಪಸ್ ತಗೊಂಡು ಹೋಗಿ."

ನಾದಿನಿ ಹೇಳಿದ್ದೇ ಆಯಿತು. ನಾನು ಏಳಲಿಲ್ಲ.

"ಹತ್ತನ್ನೂ ಭೂತಗನ್ನಡೀಲಿ ನೋಡಿ" ಎಂದೆ. "ರಾಜನ ಗಲ್ಲದ ಕೆಳಗೆ. ಅಕ್ಷರದ ಸಾಲು ಮುಗಿಯೋ ಕಡೆ."

"ಏನು ನೋಡಲಿ?"

"ಇಕ್ಕಟ್ಟಾಗಿದ್ಯಾ ಅಂತ."

ಬೇಸರದಿಂದಲೇ ಒಂದನ್ನು ಎತ್ತಿದಳು. ಆಮೇಲೆ ಎರಡನೆಯದು. ಆಮೇಲೆ ಇನ್ನೊಂದು.

"ಇಲ್ಲ. ಸಮ ಇದೆ."

"ಈಗ ಇವರದ್ದು ನೋಡಿ."

ನೋಡಿದಳು. ಬಸ್ಸಿನಲ್ಲಿ ನಿಂತವರು ಕಂಡರು.

ನಾನು ಹೇಳಿದೆ. "ಓದೋಕೆ ಬರೋನು ಒಂದು ಕಡೆಯಿಂದ ಹೆಸರು ಹೇಳ್ಕೊಂಡು ಕೆತ್ತುತಾ ಬರ್ತಾನೆ. ಮೊದಲು ಧಾರಾಳ. ಕೊನೆಗೆ ಜಾಗ ಇರಲ್ಲ, ಒತ್ತುತಾನೆ. ಓದು ಬರದೆ ಇರೋನಿಗೆ ಅದು ಬಳೆ ಮೇಲಿನ ಹೂಬಳ್ಳಿ ಇದ್ದ ಹಾಗೆ. ಶುರು ಇಲ್ಲ, ಕೊನೆ ಇಲ್ಲ. ಮೊದಲೇ ಸುತ್ತ ಗುರುತು ಹಾಕಿ ಸಮ ಹಂಚ್ತಾನೆ. ನನ್ನ ಗಂಡ ಬೇರೆಯವರ ಭಾಷೆ ಕೆತ್ತುವಾಗ ಹಾಗೇ ಮಾಡ್ತಿದ್ರು. ನಮ್ಮ ಭಾಷೆಯ ಹೆಸರು ಕೆತ್ತುವಾಗ ಎಷ್ಟೋ ಸಲ ಕೊನೆಗೆ ಒತ್ತಿ ಹೋಗ್ತಿತ್ತು. ಇದನ್ನ ಮಾಡೋ ಹೊತ್ತಿಗೆ ಈ ರಾಜನ ಅಕ್ಷರ ಕಲ್ತುಬಿಟ್ಟಿದ್ರು. ಕೈ ಕೇಳಲಿಲ್ಲ."

ಮೇಡಂ ನಾಣ್ಯ ಕೆಳಗಿಟ್ಟಳು. ಎದ್ದು ಕಪಾಟಿನಿಂದ ಅವರದೇ ಒಂದು ತಟ್ಟೆ ತಂದಳು. ಆ ರಾಜನ ಅಸಲು ನಾಣ್ಯಗಳು, ಎಂಟಿದ್ದವು. ಒಂದೊಂದರ ಗಲ್ಲ ನೋಡಿದಳು. ಎಂಟರಲ್ಲಿ ಐದು ಇಕ್ಕಟ್ಟು.

"ಇದು ಯಾವ ಪುಸ್ತಕದಲ್ಲೂ ನಾನು ಓದಿಲ್ಲ" ಎಂದಳು.

"ನಾನೂ ಓದಿಲ್ಲ" ಎಂದೆ.

ಆಗ ನಕ್ಕಳು.

ಆದರೂ ನನ್ನ ಮಾತಿನ ಮೇಲೆ ತೆಗೆದುಕೊಳ್ಳಲು ಅವಳಿಗೆ ಅಧಿಕಾರವಿರಲಿಲ್ಲ. ಬೆಳ್ಳಿಯಲ್ಲಿ ಏನೇನು ಬೆರೆತಿದೆ ಎಂದು ತೋರಿಸುವ ಒಂದು ಯಂತ್ರವಿದೆಯಂತೆ, ಬೇರೆ ಊರಿನಲ್ಲಿ. ಐವತ್ತಮೂರನ್ನೂ ಅಲ್ಲಿಗೆ ಕಳಿಸಿದಳು. ಏಳು ವಾರ ಸುದ್ದಿಯಿಲ್ಲ. ನಾದಿನಿ ದಿನಾ ಬಂದು, "ನಾನು ಹೇಳಲಿಲ್ವಾ" ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಿದ್ದಳು. ನಾನು ಅಂಗಡಿ ಗುಡಿಸಿದೆ. ಅವರ ಉಳಿಗಳನ್ನು ಎಣ್ಣೆ ಹಚ್ಚಿ ಒರೆಸಿಟ್ಟೆ. ಮೇಜಿನ ಮರದಲ್ಲಿ ಅವರ ಮೊಣಕೈ ಊರಿದ ಕಡೆ ಎರಡು ಗುಳಿ ಬಿದ್ದಿವೆ. ಒಂದು ದಿನ ಅಲ್ಲಿ ನನ್ನ ಮೊಣಕೈ ಊರಿ ಕೂತೆ. ನನಗೆ ಅಳತೆ ಸಾಲಲಿಲ್ಲ. ಅತ್ತೆ. ಅತ್ತು ಆದ ಮೇಲೆ ಬೀಗ ಹಾಕಿ ತರಕಾರಿ ತೆಗೆದುಕೊಂಡು ಮನೆಗೆ ಹೋದೆ.

ಎಂಟನೇ ವಾರ ಮೇಡಂ ತಾನೇ ಮನೆಗೆ ಬಂದಳು. ನಾದಿನಿಯೂ ಇದ್ದಳು. ಹಳೇ ಕಾಲದ ಬೆಳ್ಳಿಯಲ್ಲಿ ಸ್ವಲ್ಪ ಸೀಸ, ಒಂದು ಚೂರು ಚಿನ್ನ ಉಳಿದುಬಿಡುತ್ತಿತ್ತಂತೆ, ತೆಗೆಯಲು ಅವರಿಗೆ ಬರುತ್ತಿರಲಿಲ್ಲ. ಐವತ್ತೆರಡರಲ್ಲಿ ಅದಿತ್ತು. ಒಂದರಲ್ಲಿ ಇರಲಿಲ್ಲ.

"ಕಪ್ಪಿನ ಹಿಡಿ" ಎಂದೆ.

"ಯಾವ ಕಪ್ಪು?" ಎಂದಳು ಮೇಡಂ.

"ಓಟದಲ್ಲಿ ಗೆದ್ದವರದ್ದು. ಮುರಿದಿತ್ತು."

ಅದನ್ನೂ ಬರೆದುಕೊಂಡಳು. ಐವತ್ತೆರಡನ್ನೂ ಒಟ್ಟಿಗೆ ಇಡುತ್ತೇವೆ ಎಂದಳು. ಇವರು ಮಾಡಿದ್ದನ್ನು ವಾಪಸ್ ತಂದಿದ್ದಳು, ಒಂದು ಲಕೋಟೆಯಲ್ಲಿ. ಕೈಗೆ ಕೊಡಲು ಹೋದವಳು ಹಿಂದೆಗೆದಳು.

"ಅಮ್ಮ, ನಿಯಮದ ಪ್ರಕಾರ ಇದು ನಿಮ್ಮದು. ಆದರೆ ಇದನ್ನೂ ಆ ಹತ್ತರ ಪಕ್ಕ ಇಟ್ಟರೆ ನೋಡೋರಿಗೆ ವಿಷಯ ಅರ್ಥ ಆಗುತ್ತೆ. ಹೊಸದು ಅಂತ ಸ್ಪಷ್ಟವಾಗಿ ಬರೆದೇ ಇಡ್ತೀವಿ. ಕೊಡ್ತೀರಾ?"

"ಅದರ ಕೆಳಗೆ ಏನು ಬರೀತೀರಿ?"

"ಸಂಗ್ರಹಿಸಿದವರೇ ಕೆತ್ತಿದ್ದು, ಕಲಿಯೋದಕ್ಕಾಗಿ, ಅಂತ."

"ಕಲಿಯೋಕೆ ಅಲ್ಲ ಮೇಡಂ. ಕಲಿತದ್ದನ್ನ ಮರೆಯೋಕೆ ಆಗುತ್ತಾ ನೋಡೋಕೆ. ಆಗಲಿಲ್ಲ. ಅದನ್ನೂ ಬರೀರಿ."

"ಆಗಲಿಲ್ಲ ಅಂತಾನೂ?"

"ಅವರೇ ಸೋತೆ ಅಂದಿದ್ರು. ನಾವ್ಯಾಕೆ ಗೆಲ್ಲಿಸೋದು?"

ಹೋದ ತಿಂಗಳು ನಾವಿಬ್ಬರೂ ಹೋಗಿ ನೋಡಿಬಂದೆವು. ಎರಡನೇ ಕೋಣೆಯಲ್ಲಿ, ಕಿಟಕಿಯ ಎದುರು, ಒಳ್ಳೆ ಬೆಳಕಿರುವ ಗಾಜಿನ ಪೆಟ್ಟಿಗೆ. ಮೇಲಿನ ಸಾಲುಗಳಲ್ಲಿ ನಲವತ್ತೆರಡು. ಕೆಳಗೆ ಹತ್ತು, ಒಂದು ಬೆರಳಿನಷ್ಟು ಜಾಗ ಬಿಟ್ಟು ಇವರದ್ದು. ಕುಚ್ಚಿನ ಬಾಲದ ನಾಯಿಗೆ ಬೇರೆ ಫೋಟೋ ಹಾಕಿದ್ದಾರೆ. ಅದರ ಮುಂದೆ ಒಬ್ಬ ಅಪ್ಪ ಮಗಳಿಗೆ ಸಿಂಹ ತೋರಿಸುತ್ತಿದ್ದ. ಅವಳು ನಾಯಿ ಎಂದು ಹಟ ಹಿಡಿದಿದ್ದಳು.

ನಾದಿನಿ ಗಾಜಿಗೆ ಮೂಗು ತಾಗಿಸಿ ಇವರ ನಾಣ್ಯದ ಕೆಳಗಿನ ಚೀಟಿ ಓದಿದಳು. "ಆಗಲಿಲ್ಲ ಅಂತ ಬರೆದಿದಾರಲ್ಲ ಅತ್ತಿಗೆ. ಅಣ್ಣನ ಮಾನ ಹೋಯ್ತು."

"ನಾನೇ ಬರೆಸಿದ್ದು."

"ನಿನಗೆ ಮೊದಲಿಂದಲೂ ಹೀಗೇ" ಎಂದಳು. ಇನ್ನೊಂದು ಸಲ ಗಾಜಿಗೆ ಬಗ್ಗಿ, "ಆದ್ರೂ ಅವನದೇ ಅಂದವಾಗಿದೆ ಅಲ್ವಾ" ಎಂದಳು.

"ಅಂದ ಏನೂ ಇಲ್ಲ. ಒತ್ತಿ ಹೋಗಿದೆ" ಎಂದೆ.

ಅವಳು ಬೆಂಚಿನ ಮೇಲೆ ಕೂತಳು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಕಾಲು ನೋಯಲು ಶುರುವಾದ ಮೇಲೆ ಹೊರಟೆವು.